ಹಿಂದಿನಿಂದ ಬಂದವರು

ಗುವಾಂಗ್‌ಡಾಂಗ್ ಪ್ರಾಂತ್ಯ ಸುತ್ತಿ ಬಂದಮೇಲೆ ಸಿಕ್ಕವರೆಲ್ಲ ಕೇಳಿದ್ದು ವೇಗದ ರೈಲು, ಎತ್ತರದ ಕಟ್ಟಡ, ಅಲ್ಲಿಯ ಊಟ ಇವುಗಳ ಬಗ್ಗೆಯೇ. ಅದನ್ನೆಲ್ಲ ಹೇಳಿ ಮುಗಿಸಿದ್ದೇನೆ. ಹೇಳಿ ಮುಗಿಯದೆ ಉಳಿದದ್ದು ಹುಮೆನ್. ಪರ್ಲ್ ನದಿ ಕಡಲು ಸೇರುವ ಅಳಿವೆಯ ಪೂರ್ವದಂಡೆಯಲ್ಲಿರುವ ಆ ಊರಿನಲ್ಲಿ ವೆಯ್ಯುವಾನ್ ಎಂಬ ಕೋಟೆಯಿದೆ. ಗುಡ್ಡದ ಬುಡಕ್ಕೆ ಅಂಟಿಕೊಂಡು, ನೀರಿನ ಅಂಚಿನಲ್ಲಿ ಅರ್ಧಚಂದ್ರಾಕಾರವಾಗಿ ಬಾಗಿದ ಗೋಡೆ. ಗೋಡೆಯುದ್ದಕ್ಕೂ ಸುಮಾರು ನಲವತ್ತು ಕಮಾನು ಕೋಣೆಗಳು. ಒಂದೊಂದು ಕೋಣೆಗೂ ಒಂದೊಂದು ತೋಪಿನ ಕಿಂಡಿ. ಕೋಟೆಯ ನೆತ್ತಿಯ ಮೇಲೆಯೇ ದೊಡ್ಡದೊಂದು ತೂಗುಸೇತುವೆ ಹಾದುಹೋಗುತ್ತದೆ. ಕಂಬದಿಂದ ಕಂಬಕ್ಕೆ 888 ಮೀಟರ್ ಅಂತರದ ಆ ಸೇತುವೆ ಸಂಚಾರಕ್ಕೆ ತೆರೆದದ್ದು 1997ರ ಜೂನ್‌ನಲ್ಲಿ. ಹಾಂಗ್‌ಕಾಂಗ್ ಚೀನಾಕ್ಕೆ ಮರಳಿದ್ದು ಅದಾದ ಕೆಲವೇ ವಾರಗಳಿಗೆ. ಮೇಲೆ ವಾಹನಗಳ ಗುಡುಗು, ಕೆಳಗೆ ಕೆಂಪುಮಿಶ್ರಿತ ಕಂದು ನೀರು, ನಡುವೆ ಖಾಲಿ ಕಿಂಡಿಗಳು.

ನಾನು ಅಘನಾಶಿನಿಯ ದಂಡೆಯಲ್ಲಿ ಬೆಳೆದವನು. ಮಿರ್ಜಾನ್ ಕೋಟೆಯ ಬತೇರಿಗಳ ಮೇಲೆ ಹತ್ತಿಳಿದು ಬಾಲ್ಯ ಕಳೆದವರಿಗೆ ಅಳಿವೆಯ ಕೋಟೆ ಏಕೆ ಬೇಕು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೊಳೆ ಒಳನಾಡಿನ ಸಂಪತ್ತನ್ನು ಹೊತ್ತು ತರುತ್ತದೆ, ಕಡಲು ಅದನ್ನು ಕೊಳ್ಳುವವರನ್ನೂ ದೋಚುವವರನ್ನೂ ಕರೆತರುತ್ತದೆ. ಇಬ್ಬರೂ ಹಾದುಹೋಗಬೇಕಾದ ಇಕ್ಕಟ್ಟಿನಲ್ಲಿ ಯಾರಾದರೂ ಕಾವಲು ಕೂರಲೇಬೇಕು. ಹುಮೆನ್‌ನಲ್ಲಿ ಆ ಇಕ್ಕಟ್ಟು ಬಹಳ ಸ್ಪಷ್ಟ. ಹೊರಗಿನ ವಿಶಾಲ ಕೊಲ್ಲಿ ಇಲ್ಲಿಗೆ ಬರುವಷ್ಟರಲ್ಲಿ ಗುಡ್ಡಗಳ ನಡುವೆ ಕಿರಿದಾಗಿ, ನಡುವಿನ ದ್ವೀಪಗಳಿಂದಾಗಿ ಮತ್ತೆ ಸೀಳಾಗುತ್ತದೆ. 1757ರಿಂದ ಪಶ್ಚಿಮದ ವ್ಯಾಪಾರಿಗಳಿಗೆ ಚೀನಾದಲ್ಲಿ ತೆರೆದಿದ್ದ ಬಂದರು ಗುವಾಂಗ್‌ಝೌ ಒಂದೇ. ಅಲ್ಲಿಗೆ ಹೋಗುವ ಹಡಗೆಲ್ಲ ಈ ಕಿಂಡಿಗಳ ಮುಂದೆಯೇ ಸಾಗಬೇಕಿತ್ತು.

ಕೋಟೆಗೆ ಹೋಗುವ ಮುಂಚೆ ಊರೊಳಗಿನ ಕೊಳಗಳನ್ನು ನೋಡಿದೆವು. ನನ್ನ ಜೊತೆ ಬಂದಿದ್ದವಳು ಗುವಾಂಗ್‌ಝೌನಲ್ಲಿ ಕಾಲೇಜು ಓದುತ್ತಿದ್ದ ಹುಡುಗಿ, ನನ್ನ ಗೆಳೆಯರ ಮಗಳು. ನನ್ನನ್ನು ಅಂಕಲ್ ಎಂದೇ ಕರೆಯುತ್ತಿದ್ದಳು. ಎಲ್ಲೆಡೆ ದುಭಾಷಿಯ ಕೆಲಸ ಅವಳದ್ದೇ. ಲಿನ್ ಝೆಷು ಹೆಸರಿನ ಸ್ಮಾರಕದ ಆವರಣದಲ್ಲಿ ಚೌಕಾಕಾರದ ಎರಡು ಕೊಳಗಳಿವೆ, ಈಗ ಅವುಗಳಲ್ಲಿ ಹಸಿರು ನೀರು ನಿಂತಿದೆ. 1839ರ ಜೂನ್ 3ರಿಂದ ಮೂರು ವಾರಕ್ಕೂ ಮಿಕ್ಕು ಇಲ್ಲಿ ಅಫೀಮು ನಾಶವಾಯಿತು. ಚಕ್ರವರ್ತಿ ದಾವೊಗುವಾಂಗ್ ಕಳಿಸಿದ್ದ ವಿಶೇಷಾಧಿಕಾರಿ ಲಿನ್, ಬ್ರಿಟಿಷ್ ವ್ಯಾಪಾರಿಗಳಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡಿದ್ದ.

ಬೆಂಕಿ ಹಚ್ಚಿದ್ದರೆಂದು ಬಹಳ ಜನ ಭಾವಿಸುತ್ತಾರೆ. ಸುಟ್ಟರೆ ಕರಗಿ ನೆಲಕ್ಕೆ ಇಳಿಯುತ್ತದೆ, ಆಮೇಲೆ ಆ ಮಣ್ಣನ್ನೇ ಅಗೆದು ಕದಿಯುವವರಿರುತ್ತಾರೆ ಎಂದು ಲಿನ್‌ಗೆ ಗೊತ್ತಿತ್ತು. ಅದಕ್ಕೇ ಕೊಳದ ತಳಕ್ಕೆ ಕಲ್ಲು ಹಾಸಿಸಿ, ಬದಿಗೆ ಹಲಗೆ ಹೊಡೆಸಿದ. ನೀರು ತುಂಬಿ ಉಪ್ಪು ಸುರಿದರು. ಅಫೀಮಿನ ಉಂಡೆಗಳನ್ನು ಸೀಳಿ ಉಪ್ಪುನೀರಿನಲ್ಲಿ ನೆನೆಹಾಕಿದರು. ಮೇಲೆ ಸುಟ್ಟ ಸುಣ್ಣ ಎಸೆದಾಗ ನೀರು ತಾನಾಗಿಯೇ ಕೊತಕೊತ ಕುದಿಯಿತು. ಆಳುಗಳು ಹಲಗೆಯ ಮೇಲೆ ನಿಂತು ಕಲಕಿದರು. ಇಳಿತದ ಹೊತ್ತು ನೋಡಿ ತೂಬು ಎತ್ತಿದಾಗ ಎಲ್ಲ ಕಡಲು ಸೇರಿತು. ಒಂದು ಕೊಳ ತೊಳೆಯುವಾಗ ಇನ್ನೊಂದರಲ್ಲಿ ಕೆಲಸ. ಈ ವಿಷವನ್ನು ನಿನ್ನ ಮಡಿಲಿಗೆ ಬಿಡುತ್ತಿದ್ದೇನೆ, ನಿನ್ನ ಜೀವಿಗಳನ್ನು ಅಷ್ಟುಹೊತ್ತು ದೂರ ಇಟ್ಟುಕೋ ಎಂದು ಲಿನ್ ಕಡಲ ದೇವತೆಯಲ್ಲಿ ಪ್ರಾರ್ಥಿಸಿ, ಕ್ಷಮೆ ಕೇಳಿದ್ದ. ಒಬ್ಬ ಅಧಿಕಾರಿ ಮೀನುಗಳ ಬಗ್ಗೆ ಯೋಚಿಸಿ ಬರೆದ ಆ ಪ್ರಾರ್ಥನೆಯ ಮುಂದೆ ನಾನು ಬಹಳ ಹೊತ್ತು ನಿಂತೆ.

ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಅಫೀಮಿನ ಉಂಡೆಗಳ ಮಾದರಿಗಳು. ಎಲ್ಲಿಂದ ಬಂದವು ಎಂದು ನಕ್ಷೆಯಲ್ಲಿ ಬಾಣದ ಗುರುತು ಹಾಕಿದ್ದರು. ಬಾಣಗಳ ಬಾಲವೆಲ್ಲ ಭಾರತದಲ್ಲಿ. ಪಟ್ನಾ, ಬನಾರಸ್‌ನಿಂದ ಕಲ್ಕತ್ತೆಗೆ, ಮಾಳವದಿಂದ ಬೊಂಬಾಯಿಗೆ, ಅಲ್ಲಿಂದ ಇಲ್ಲಿಗೆ. ಇದನ್ನು ನಾನು ಪುಸ್ತಕದಲ್ಲಿ ಓದಿರಲಿಲ್ಲವೆಂದಲ್ಲ. ಬಿಹಾರದ ರೈತರಿಗೆ ಈಸ್ಟ್ ಇಂಡಿಯಾ ಕಂಪನಿ ಮುಂಗಡ ಕೊಟ್ಟು ಗಸಗಸೆ ಬೆಳೆಸುತ್ತಿತ್ತು, ಗಿಡದ ಕಾಯಿ ಗೀರಿ ತೆಗೆದ ಹಾಲನ್ನು ತಾನು ಹೇಳಿದ ಬೆಲೆಗೇ ಕೊಳ್ಳುತ್ತಿತ್ತು. ಉಂಡೆ ಕಟ್ಟಿ, ಗಸಗಸೆ ಹೂವಿನ ಎಸಳುಗಳನ್ನೇ ಪದರಪದರವಾಗಿ ಅಂಟಿಸಿ, ಮಾವಿನ ಹಲಗೆಯ ಪೆಟ್ಟಿಗೆಯಲ್ಲಿ ನಲವತ್ತರಂತೆ ಜೋಡಿಸಿ ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿದ್ದರು. ಹರಾಜಿನಲ್ಲಿ ಕೊಂಡ ಖಾಸಗಿ ವ್ಯಾಪಾರಿಯದ್ದು ಮುಂದಿನ ಜವಾಬ್ದಾರಿ. ಕಂಪನಿಯ ಕೈಗೆ ಮಸಿಯಿಲ್ಲ. ಬೊಂಬಾಯಿಯ ಕಡೆಯಿಂದ ಈ ವ್ಯಾಪಾರದಲ್ಲಿ ಬೆಳೆದವರಲ್ಲಿ ಜಮ್ಶೆಟ್ಜಿ ಜೀಜೀಭಾಯಿಯೂ ಒಬ್ಬರು. ಅವರ ಹೆಸರಿನ ಆಸ್ಪತ್ರೆ ಮುಂಬಯಿಯಲ್ಲಿ ಇಂದಿಗೂ ಬಡವರನ್ನು ನೋಡಿಕೊಳ್ಳುತ್ತದೆ. ಬೊಂಬಾಯಿಯಿಂದ ಹೊರಟ ಹಡಗು ಸಿಂಹಳ ಸುತ್ತಿಕೊಂಡು ಪೂರ್ವಕ್ಕೆ ತಿರುಗಬೇಕು. ಅಂದರೆ ಕಾರವಾರ, ಕುಮಟೆ, ಹೊನ್ನಾವರಗಳ ಹೊರಗಡಲಲ್ಲೇ ಅದರ ದಾರಿ. ನಕ್ಷೆಯ ಬಾಣ ನನ್ನ ಊರಿನ ಪಕ್ಕದಲ್ಲೇ ಹಾದುಹೋಗಿತ್ತು.

ಶಾಲೆಯ ಮಕ್ಕಳ ದಂಡೊಂದು ಬಂತು. ಎಲ್ಲರ ಕುತ್ತಿಗೆಯಲ್ಲೂ ಕೆಂಪು ಸ್ಕಾರ್ಫ್. ಟೀಚರು ನಕ್ಷೆಯ ಮುಂದೆ ನಿಂತು ಏನೋ ವಿವರಿಸಿದರು. ಮಕ್ಕಳಲ್ಲಿ ಒಬ್ಬ ನನ್ನನ್ನೊಮ್ಮೆ, ನಕ್ಷೆಯನ್ನೊಮ್ಮೆ ನೋಡಿದ. ಬೇರೆಯೇನೂ ಇಲ್ಲ, ನೋಡಿದ ಅಷ್ಟೆ.

ಮಧ್ಯಾಹ್ನ ಊಟಕ್ಕೆ ಕೂತ ಅಂಗಡಿ ಚಿಕ್ಕದು. ಡೊಂಗ್ವಾನ್ ಕಡೆಯ ಹೆಸರಾಂತ ತಿನಿಸು ಲೈಫನ್. ಅಕ್ಕಿಹಿಟ್ಟನ್ನು ತೂತಿನಿಂದ ನೇರ ಬಿಸಿನೀರಿಗೆ ಒತ್ತಿ ಮಾಡಿದ ದಪ್ಪ ಎಳೆಗಳು, ನಮ್ಮ ಒತ್ತುಶ್ಯಾವಿಗೆಯ ಅಣ್ಣನಂತಿದ್ದವು. ಮೂಳೆಯ ಸಾರಿನಲ್ಲಿ ಅವನ್ನು ಮುಳುಗಿಸಿ, ಮೇಲೆ ಹೊಳೆಯುವ ಚರ್ಮದ ಸುಟ್ಟ ಬಾತುಕೋಳಿಯ ತುಂಡುಗಳನ್ನು ಇಟ್ಟಿದ್ದರು. ನೀರು ಸಿಹಿಯೂ ಅಲ್ಲದ ಉಪ್ಪೂ ಅಲ್ಲದ ಅಳಿವೆಯಲ್ಲಿ ಏಡಿ ಕೊಬ್ಬುತ್ತದೆ. ಅಘನಾಶಿನಿಯಲ್ಲೂ ಹಾಗೆಯೇ. ಇಲ್ಲಿ ಅದನ್ನು ಹಂದಿಮಾಂಸದ ಕೊಚ್ಚು, ಮೊಟ್ಟೆಯ ಜೊತೆ ತಟ್ಟೆಯಲ್ಲಿಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ಮಸಾಲೆ ಇಲ್ಲವೇ ಇಲ್ಲ. ಮೊದಲ ತುತ್ತಿಗೆ ಸಪ್ಪೆ ಅನ್ನಿಸಿ, ಎರಡನೆಯದಕ್ಕೆ ಏಡಿಯ ರುಚಿಯೇ ಗೊತ್ತಾಗತೊಡಗಿತು. ನಾವು ತೆಂಗು, ಕೊತ್ತಂಬರಿ, ಹುಣಸೆ ಅರೆದು ಹಾಕುವಾಗ ಏಡಿಯ ಈ ಎಳೆಯ ಸಿಹಿಯನ್ನು ಎಷ್ಟು ಮುಚ್ಚಿಬಿಡುತ್ತೇವೆ ಎನ್ನಿಸಿತು.

ಅಂಗಡಿಯ ಹೆಂಗಸು ನಾನು ಭಾರತದವನೆಂದು ತಿಳಿದು ಖುಷಿಪಟ್ಟಳು. ಹುಮೆನ್ ಈಗ ಸಿದ್ಧ ಉಡುಪಿನ ಊರು. ಎಲ್ಲಿ ನೋಡಿದರೂ ಬಟ್ಟೆಯ ಸಗಟು ಮಳಿಗೆಗಳು. ಭಾರತದಿಂದಲೂ ಕೊಳ್ಳುವವರು ಬರುತ್ತಾರಂತೆ, ಚೌಕಾಸಿಯಲ್ಲಿ ಅವರನ್ನು ಸೋಲಿಸುವವರಿಲ್ಲವಂತೆ. ನಾನೇನು ಕೊಳ್ಳಲು ಬಂದೆ ಎಂದು ಕೇಳಿದಳು. ಕೋಟೆ ನೋಡಲು ಎಂದಾಗ ಅವಳಿಗೆ ಅಚ್ಚರಿ. ಇನ್ನೊಂದು ಚಮಚ ಸಾರು ಹಾಕಿದಳು.

ವೆಯ್ಯುವಾನ್ ತಲುಪಿದಾಗ ಬಿಸಿಲು ಇಳಿಮುಖ. ಕೋಟೆಯ ಗೋಡೆಗೆ ಕೈ ಇಟ್ಟರೆ ಅದು ಬರಿಯ ಕಲ್ಲಲ್ಲ ಎಂದು ತಿಳಿಯುತ್ತದೆ. ಬುಡಕ್ಕೆ ಕಲ್ಲಿನ ಚಪ್ಪಡಿ, ಕಮಾನಿಗೆ ಇಟ್ಟಿಗೆ, ಮೇಲೆ ಮಣ್ಣು, ಮರಳು, ಸುಣ್ಣ ಮೂರನ್ನೂ ಕಲಸಿ ಬಡಿದು ಕೂರಿಸಿದ ದಪ್ಪ ಗಾರೆ. ಆ ಗಾರೆಗೆ ಅಂಟು ಅಕ್ಕಿಯ ಗಂಜಿ, ಕೆಂಪು ಸಕ್ಕರೆ ಸೇರಿಸುವುದು ದಕ್ಷಿಣ ಚೀನಾದ ಪದ್ಧತಿ. ನಮ್ಮಲ್ಲಿ ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದರು. ಮಿರ್ಜಾನಿನ ಚಿರೇಕಲ್ಲಿನ ಗೋಡೆಗಳ ಬಗ್ಗೆ ಅಜ್ಜ ಹೇಳುತ್ತಿದ್ದುದು ನೆನಪಾಗಿ ಹುಡುಗಿಗೆ ಹೇಳಿದೆ. ಎರಡು ಕಡಲತೀರಗಳಲ್ಲಿ ಬೇರೆಬೇರೆ ಗಾರೆಯವರು, ಒಬ್ಬರನ್ನೊಬ್ಬರು ನೋಡದೆಯೇ, ಸುಣ್ಣಕ್ಕೆ ಸಿಹಿ ಬೆರೆಸಿದರೆ ಗೋಡೆ ಗಟ್ಟಿಯಾಗುತ್ತದೆ ಎಂದು ಕಂಡುಕೊಂಡಿದ್ದರು. ನಾನು ಈ ಪ್ರವಾಸದಲ್ಲಿ ಕಂಡ ಅತ್ಯಂತ ಸಂತೋಷದ ಸಂಗತಿ ಇದೇ ಇರಬೇಕು.

ಈ ಕೋಟೆ, ಅಫೀಮು ನಾಶದ ಬೆನ್ನಿಗೆ ಬ್ರಿಟಿಷರು ಹೂಡಿದ ಯುದ್ಧದಲ್ಲಿ, 1841ರಲ್ಲಿ ಒಮ್ಮೆ, 1856ರಲ್ಲಿ ಇನ್ನೊಮ್ಮೆ ಅವರ ಕೈಗೆ ಬಿದ್ದು ಹಾಳಾಯಿತು. ಪ್ರತಿ ಸಲವೂ ಮತ್ತೆ ಕಟ್ಟಿದರು. ಈಗ ಕಾಣುವುದರಲ್ಲಿ ಬಹುಪಾಲು ಆಮೇಲಿನದು. ಆದರೆ ಜಾಗ ಅದೇ, ನೀರಿನ ಕಡೆಗಿನ ನೋಟವೂ ಅದೇ.

1834ರಲ್ಲಿ ಎರಡು ಬ್ರಿಟಿಷ್ ಯುದ್ಧನೌಕೆಗಳು ಇಲ್ಲಿಯ ತೋಪುಗಳನ್ನು ಲೆಕ್ಕಿಸದೆ ನುಗ್ಗಿ ಒಳಗೆ ಹೋದಾಗ ಚಕ್ರವರ್ತಿ ನೌಕಾಸೇನಾಪತಿಯನ್ನು ವಜಾ ಮಾಡಿ, ಜಿಯಾಂಗ್ಸುವಿನ ಗುವಾನ್ ತಿಯೆನ್‌ಪೆಯ್ ಎಂಬವನನ್ನು ಕಳಿಸಿದ. ಗುವಾನ್ ಹೊಳೆಯನ್ನು ಮೂರು ಸಾಲಾಗಿ ಲೆಕ್ಕಹಾಕಿದ. ಹೊರಬಾಯಿಯ ಶಾಜ್ಯಾವ್, ದಾಜ್ಯಾವ್ ಕೋಟೆಗಳ ನಡುವೆ ನೀರು ತೀರ ಅಗಲ, ಎರಡು ಕಡೆಯ ಗುಂಡೂ ನಡುವಿಗೆ ಮುಟ್ಟದು. ಹಾಗಾಗಿ ಅವು ಹಡಗು ಕಂಡೊಡನೆ ತೋಪು ಹಾರಿಸಿ ಒಳಗಿನವರಿಗೆ ಸುದ್ದಿ ಮುಟ್ಟಿಸಲಿ. ನಿಜವಾದ ಕಾದಾಟ ಎರಡನೆಯ ಸಾಲಿನಲ್ಲಿ, ಇದೇ ವೆಯ್ಯುವಾನ್, ಪಕ್ಕದ ಜಿಂಗ್ಯುವಾನ್, ಝೆನ್ಯುವಾನ್, ಎದುರಿನ ಹೆಂಗ್‌ಡಾಂಗ್ ದ್ವೀಪ ಇವುಗಳ ನಡುವೆ. ಅಲ್ಲಿಂದಲೂ ತಪ್ಪಿಸಿಕೊಂಡರೆ ಮೇಲಿನ ಹುಲಿದ್ವೀಪದಲ್ಲಿ ಮೂರನೆಯದು. 1839ರಲ್ಲಿ ಜಿಂಗ್ಯುವಾನ್ ಹೊಸದಾಗಿ ಎದ್ದಿತು, ಅರವತ್ತು ತೋಪುಗಳ ಕೋಟೆ. ದಂಡೆಯಿಂದ ದ್ವೀಪಕ್ಕೆ ಮರದ ತೆಪ್ಪಗಳನ್ನು ಕಬ್ಬಿಣದ ಸರಪಳಿಯಲ್ಲಿ ಪೋಣಿಸಿ ಎರಡು ಸಾಲು ಅಡ್ಡ ಎಳೆದರು. ಹಾಯಿಹಡಗು ಸರಪಳಿಗೆ ಸಿಕ್ಕಿ ತಡವರಿಸುವ ಹೊತ್ತಿಗೆ ಮೂರು ಕಡೆಯಿಂದ ಗುಂಡು. ಗೋಡೆಯ ಮೇಲೆ ನಿಂತು ನೋಡಿದರೆ ಲೆಕ್ಕಾಚಾರ ಎಷ್ಟು ಚೆನ್ನಾಗಿತ್ತು ಎಂದು ಗೊತ್ತಾಗುತ್ತದೆ. ಅವನ ಎಲ್ಲ ತೋಪುಗಳೂ ಹೊಳೆಯ ಕಡೆಗೆ ಮುಖ ಮಾಡಿದ್ದವು.

ಕೊರತೆ ಇದ್ದದ್ದೂ ಅಲ್ಲೇ. ತೋಪುಗಳನ್ನು ಮರದ ಗಾಡಿಯ ಮೇಲೆ ಒಂದೇ ದಿಕ್ಕಿಗೆ ಕೂರಿಸಿದ್ದರು, ಚಲಿಸುವ ಗುರಿಯ ಹಿಂದೆ ಅವು ತಿರುಗುತ್ತಿರಲಿಲ್ಲ. ಎರಕ ಒರಟು, ಮದ್ದು ದುರ್ಬಲ. ಕೋಟೆಗೆ ಮೇಲುಹೊದಿಕೆ ಇಲ್ಲ. ಬೆನ್ನಿಗೆ ಬರಿಯ ಗುಡ್ಡ. ಶತ್ರು ನೀರಿನಿಂದ ಬರುತ್ತಾನೆ, ನೀರಿನಲ್ಲೇ ಹೋಗುತ್ತಾನೆ ಎಂದು ನಂಬಿದವರು ಕಟ್ಟಿದ ಕೋಟೆ ಇದು.

ಕಟ್ಟೆಯ ಮೇಲೆ ಒಬ್ಬ ಮುದುಕ ಕೂತಿದ್ದ. ಸೇತುವೆ ಆಗುವ ಮುಂಚೆ ಇಲ್ಲಿಂದ ಆಚೆಯ ನಾನ್‌ಶಾಕ್ಕೆ ಜನರನ್ನೂ ಲಾರಿಗಳನ್ನೂ ದಾಟಿಸುವ ದೋಣಿ ಇತ್ತಂತೆ, ಅದರಲ್ಲಿ ಅವನಿಗೆ ಕೆಲಸ. ಸೇತುವೆ ಬಂತು, ಕೆಲಸ ಹೋಯಿತು. ಮಗ ಬಟ್ಟೆ ಕಾರ್ಖಾನೆ ಸೇರಿದ. ಹೊಳೆಯ ಬಗ್ಗೆ ಕೇಳಿದ್ದೇ ತಡ, ಮಾತು ಹರಿಯತೊಡಗಿತು. ಇಳಿತದ ನೀರು ಈ ಇಕ್ಕಟ್ಟಿನಲ್ಲಿ ಎಷ್ಟು ಜೋರು, ಭರತ ಯಾವ ಕಡೆಯಿಂದ ಮೊದಲು ಏರುತ್ತದೆ, ದ್ವೀಪದ ಹಿಂದೆ ಸುಳಿ ಎಲ್ಲಿ. ಕೈಯಲ್ಲೇ ಗಾಳಿಯಲ್ಲಿ ಗೀಟು ಎಳೆದು ತೋರಿಸಿದ. ನಮ್ಮ ಅಳಿವೆಯಲ್ಲೂ ದೋಣಿಯವರು ಹೀಗೇ ಕೈಯಲ್ಲಿ ನೀರು ಬರೆದು ತೋರಿಸುತ್ತಾರೆ. ಹುಡುಗಿ ಅನುವಾದಿಸುವ ಮುಂಚೆಯೇ ಅರ್ಧ ನನಗೆ ಅರ್ಥವಾಗಿತ್ತು.

ಯುದ್ಧದ ಕತೆಯನ್ನೂ ಅವನು ಹೇಳಿದ. ಮ್ಯೂಸಿಯಮ್ಮಿನ ಫಲಕಗಳಿಗಿಂತ ಅವನ ಮಾತಿನಲ್ಲಿ ಅದು ಹೆಚ್ಚು ಹತ್ತಿರವಿತ್ತು. ಕಾದಾಟಕ್ಕೆ ಮುಂಚೆ ಸಂಬಳ ಸಿಗದೆ ಸೈನಿಕರು ಗೊಣಗತೊಡಗಿದಾಗ ಗುವಾನ್ ತನ್ನ ಬಟ್ಟೆಬರೆ ಅಡವಿಟ್ಟು ಒಬ್ಬೊಬ್ಬನಿಗೆ ಎರಡೆರಡು ಬೆಳ್ಳಿ ನಾಣ್ಯ ಕೊಟ್ಟನಂತೆ. ಊರಿಗೆ ಒಂದು ಪೆಟ್ಟಿಗೆ ಕಳಿಸಿದ್ದನಂತೆ. ಅವನು ಸತ್ತಮೇಲೆ ಮನೆಯವರು ತೆರೆದು ನೋಡಿದರೆ ಹಳೆಯ ಬಟ್ಟೆ, ಉದುರಿಬಿದ್ದ ಕೆಲವು ಹಲ್ಲುಗಳು. ಅರವತ್ತರ ಹತ್ತಿರದ ಮನುಷ್ಯ, ಹೆಣ ಸಿಗುತ್ತದೋ ಇಲ್ಲವೋ ಎಂದು ದೇಹದ ಒಂದಿಷ್ಟನ್ನು ಮೊದಲೇ ಮನೆ ಸೇರಿಸಿದ್ದ. ಈ ಪೆಟ್ಟಿಗೆಯ ಕತೆಯನ್ನು ಆಮೇಲೆ ಬೇರೆ ಕಡೆಯೂ ಓದಿದೆ. ಮೊದಲು ಕೇಳಿದ್ದು ಆ ದೋಣಿಯವನ ಬಾಯಿಂದ ಎಂಬುದು ನನಗೆ ಮುಖ್ಯ.

ಮೊದಲ ಪೆಟ್ಟು ಬಿದ್ದದ್ದು 1841ರ ಜನವರಿ 7ರಂದು, ಹೊರಸಾಲಿನ ಶಾಜ್ಯಾವ್ ಮೇಲೆ. ಬ್ರಿಟಿಷರ ಯುದ್ಧನೌಕೆಗಳು ಎದುರಿನಿಂದ ಗುಂಡು ಸುರಿಸುತ್ತಿದ್ದಾಗ, ಕೆಳಗೆ ದಂಡೆಗೆ ಇಳಿದ ಸುಮಾರು 1,400 ಜನರ ಕಾಲ್ದಳ ಗುಡ್ಡ ಬಳಸಿ ಕೋಟೆಯ ಬೆನ್ನಿಗೆ ಬಂತು. ಅಲ್ಲಿಯ ಮುಖ್ಯಸ್ಥ ಚೆನ್ ಲಿಯೆನ್‌ಶೆಂಗ್, ಜೊತೆಗೆ ಅವನ ಮಗ, ಇಬ್ಬರೂ ಸತ್ತರು. ಚೀನೀಯರ ಕಡೆ ಸತ್ತವರು ಇನ್ನೂರಕ್ಕೂ ಹೆಚ್ಚು. ಬ್ರಿಟಿಷರ ಕಡೆ ಗಾಯಗಳು ಮಾತ್ರ. ಊರವರು ಆಮೇಲೆ ಹೆಣಗಳನ್ನು ಆಯ್ದು ಒಟ್ಟಿಗೆ ಮಣ್ಣು ಮಾಡಿದರು. 75 ಸೈನಿಕರ ಆ ಸಾಮೂಹಿಕ ಗೋರಿ ಶಾಜ್ಯಾವ್‌ನಲ್ಲಿದೆ. ಚೆನ್‌ನ ಕುದುರೆಯನ್ನು ಬ್ರಿಟಿಷರು ಹಾಂಗ್‌ಕಾಂಗಿಗೆ ಒಯ್ದರೆಂದೂ ಅದು ಅವರ ಕೈಯಿಂದ ಮೇವು ಮುಟ್ಟದೆ ಸತ್ತಿತೆಂದೂ ಇಲ್ಲಿ ಹೇಳುತ್ತಾರೆ. ಆ ಕುದುರೆಯ ಚಿತ್ರ ಕೆತ್ತಿದ ಕಲ್ಲೊಂದನ್ನು ಕಾಪಾಡಿಕೊಂಡಿದ್ದಾರೆ.

ಬೆನ್ನಿನಿಂದ ಗುಡ್ಡ ಹತ್ತಿ ಬಂದ ಆ ಕಾಲ್ದಳದಲ್ಲಿ ಅತಿ ದೊಡ್ಡ ತುಕಡಿ 37ನೇ ಮದ್ರಾಸ್ ನೇಟಿವ್ ಇನ್‌ಫೆಂಟ್ರಿ.

ಅಂದೇ ಕೊಲ್ಲಿಯಲ್ಲಿ ಇನ್ನೊಂದು ನಡೆಯಿತು. ನೆಮೆಸಿಸ್ ಎಂಬ ಕಬ್ಬಿಣದ ಉಗಿಹಡಗು ಬ್ರಿಟಿಷರ ಜೊತೆಗಿತ್ತು. ತಳ ಚಪ್ಪಟೆಯಾದ್ದರಿಂದ ಬೇರೆ ಹಡಗು ನೆಲಕಚ್ಚುವ ನೀರಲ್ಲೂ ಅದು ಸಾಗುತ್ತಿತ್ತು, ಗಾಳಿಯ ಹಂಗೂ ಇಲ್ಲ. ಅದರಿಂದ ಹಾರಿದ ಮೊದಲ ಕಾಂಗ್ರೀವ್ ರಾಕೆಟ್ ಚೀನೀ ಯುದ್ಧನೌಕೆಯೊಂದಕ್ಕೆ ಬಿದ್ದು ಒಳಗಿನ ಮದ್ದಿಗೆ ಕಿಡಿ ತಗುಲಿತು. ನೌಕೆ ಜನರ ಸಮೇತ ಸಿಡಿದುಹೋಯಿತು.

ಕಾಂಗ್ರೀವ್ ರಾಕೆಟ್ ಎಂದರೆ ಕನ್ನಡದವರಿಗೆ ಬೇರೆ ವಿವರಣೆ ಬೇಡ. ಹೈದರ್, ಟಿಪ್ಪು ಕಾಲದಲ್ಲಿ ಮೈಸೂರಿನ ಕುಶಲಿಗಳು ಕಬ್ಬಿಣದ ಕೊಳವೆಯಲ್ಲಿ ಮದ್ದು ಜಡಿದು ಮಾಡಿದ ಬಾಣ ಬಿರುಸುಗಳು ಕಂಪನಿಯ ಸೈನ್ಯವನ್ನು ಕಂಗೆಡಿಸಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಉಳಿದ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಅವನ್ನು ನೋಡಿ ವಿಲಿಯಂ ಕಾಂಗ್ರೀವ್ ವೂಲ್‌ವಿಚ್‌ನಲ್ಲಿ ತನ್ನದನ್ನು ರೂಪಿಸಿದ. ದರಿಯಾ ದೌಲತ್‌ನ ಗೋಡೆಯಲ್ಲಿ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆಯಲ್ಲ, ಕಂಪನಿಯ ಸೇನಾನಿ ಬೆಯ್ಲಿಯ ಪಡೆಯ ನಡುವೆ ಮದ್ದಿನ ಬಂಡಿ ಸಿಡಿಯುವುದು? ಎಷ್ಟು ಸಲ ಅದರ ಮುಂದೆ ನಿಂತು ಹೆಮ್ಮೆಪಟ್ಟಿದ್ದೇನೆ. ಹುಮೆನ್‌ನಲ್ಲಿ ಸಿಡಿದದ್ದೂ ಮದ್ದೇ. ಬಾಣದ ವಂಶವೂ ಅದೇ. ಅರವತ್ತು ವರ್ಷದ ಅಂತರದಲ್ಲಿ ಅದು ಯಜಮಾನನನ್ನು ಬದಲಿಸಿತ್ತು.

ಇಲ್ಲಿಂದಲೇ ನನ್ನ ತೊಳಲಾಟ ಶುರುವಾದದ್ದು. ಕೋಟೆ ನೋಡಲು ಹೋದಾಗ ನಾವು ತಿಳಿಯದೆಯೇ ಗೋಡೆಯ ಒಳಗೆ ನಿಂತು ನೋಡುತ್ತೇವೆ. ಮಿರ್ಜಾನಿನಲ್ಲಿ ಚೆನ್ನಭೈರಾದೇವಿಯ ಪಕ್ಕ, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಪಕ್ಕ, ಚಿತ್ರದುರ್ಗದಲ್ಲಿ ಓಬವ್ವನ ಕಿಂಡಿಯ ಒಳಬದಿಗೆ. ಮುತ್ತಿಗೆ ಹಾಕಿದವರು ಯಾವಾಗಲೂ ಹೊರಗಿನವರು, ಬೇರೆಯವರು. ವೆಯ್ಯುವಾನ್‌ನಲ್ಲಿ ನಾನು ಹಾಗೆಯೇ ಗೋಡೆಯ ಒಳಗೆ ನಿಂತಿದ್ದೆ, ಗುವಾನ್‌ನ ಕಣ್ಣಿಂದ ಹೊಳೆ ನೋಡುತ್ತಿದ್ದೆ. ಹೊರಗೆ ಹಡಗಿನಲ್ಲಿದ್ದ ಸರಕು ಭಾರತದ ಹೊಲದ್ದು, ದಂಡೆಗೆ ಇಳಿದ ಕಾಲುಗಳು ಮದ್ರಾಸ್ ಪ್ರಾಂತ್ಯದವು, ಹಾರಿದ ಬಾಣ ಮೈಸೂರಿನ ಕುಲದ್ದು. 1841ರಲ್ಲಿ ಬಳ್ಳಾರಿಯೂ ನಮ್ಮ ಕನ್ನಡ ಜಿಲ್ಲೆಯೂ ಮದ್ರಾಸ್ ಪ್ರಾಂತ್ಯಕ್ಕೇ ಸೇರಿದ್ದವು. ಇದೇ ಯುದ್ಧಕ್ಕೆ ಬಂದಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯ ನೆಲೆ ಬೆಂಗಳೂರು. ಹಲಸೂರು ಕೆರೆಯ ಪಕ್ಕದ ಅವರ ಆವರಣವನ್ನು ಬೆಂಗಳೂರಿನವರೆಲ್ಲ ದಿನವೂ ನೋಡುತ್ತಾರೆ. ಆ ಪಡೆಗೆ ಈ ಯುದ್ಧದ ಗೌರವವಾಗಿ ಸಿಕ್ಕಿದ್ದು ಡ್ರ್ಯಾಗನ್ ಲಾಂಛನ.

ಅವರು ಬ್ರಿಟಿಷರ ಆಳುಗಳು, ಅವರಿಗೇನು ಆಯ್ಕೆ ಇತ್ತು ಎಂದು ಹೇಳಿ ಕೈ ತೊಳೆದುಕೊಳ್ಳಬಹುದು. ಅದು ಅರ್ಧ ನಿಜ. ಶಾಜ್ಯಾವ್‌ನ ಆ 75 ಜನರಿಗೆ ಈ ಅರ್ಧ ನಿಜದಿಂದ ಏನೂ ಆಗಬೇಕಾದ್ದಿಲ್ಲ. ಬಿಹಾರದ ಗಸಗಸೆಯ ರೈತ ಸಾಲದಲ್ಲಿ ಮುಳುಗಿದ್ದ ಎಂಬುದರಿಂದ ಗುವಾಂಗ್‌ಝೌನ ಅಫೀಮು ಚಟದವನ ಹೆಂಡತಿಗೆ ಸಮಾಧಾನ ಸಿಗುವುದಿಲ್ಲ. ನಮ್ಮ ಮೇಲಾದ ಅನ್ಯಾಯದ ಪಟ್ಟಿ ನಮಗೆ ಬಾಯಿಪಾಠ ಇದೆ. ನಮ್ಮ ಕೈ ಹಾಯ್ದು ಬೇರೆಯವರ ಮೇಲಾದ ಅನ್ಯಾಯದ ಪಾಠ ನಮ್ಮ ಶಾಲೆಗಳಲ್ಲಿ ಯಾರೂ ಮಾಡಿದ್ದು ನನಗೆ ನೆನಪಿಲ್ಲ. ಇಲ್ಲಿಯ ಮಕ್ಕಳು ಮಾತ್ರ ಬಾಣದ ಗುರುತಿನ ನಕ್ಷೆ ನೋಡಿ ಬೆಳೆಯುತ್ತಾರೆ.

ಇದನ್ನು ನಾನು ಮುದುಕನಿಗೆ ಹೇಳಿದೆ. ಹುಡುಗಿ ಮೊದಲು ಹಿಂಜರಿದಳು, ಆಮೇಲೆ ನಿಧಾನವಾಗಿ ಅನುವಾದಿಸಿದಳು. ಅವನು ಸಿಟ್ಟಾಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆ ಭಾರತದ ಸೈನಿಕರಿಗೆ ಸಂಬಳ ಎಷ್ಟಿತ್ತು ಎಂದು ಕೇಳಿದ. ಸಿಪಾಯಿಯ ಸಂಬಳ ತಿಂಗಳಿಗೆ ಏಳು ರೂಪಾಯಿ, ಕಡಲು ದಾಟಿದರೆ ಮೇಲೆ ಒಂದಿಷ್ಟು ಭತ್ಯೆ ಎಂದೆ. ಸರಿಯಾಗಿ ಕೊಡುತ್ತಿದ್ದರೇ ಎಂದು ಕೇಳಿದ. ಹೆಚ್ಚುಕಮ್ಮಿ ಕೊಡುತ್ತಿದ್ದರು ಎಂದೆ. ಅವನು ಗೋಡೆಯ ಕಡೆ ತಲೆಯಾಡಿಸಿ, ಇಲ್ಲಿಯವರಿಗೆ ಸೇನಾಪತಿ ಬಟ್ಟೆ ಅಡವಿಟ್ಟ ದುಡ್ಡು ಎಂದ. ಯುದ್ಧದಲ್ಲಿ ಯಾಕೆ ಸೋತರು ಎನ್ನುವುದಕ್ಕೆ ಆ ಮುದುಕನ ಉತ್ತರ ಅದೇ ಇದ್ದಿರಬೇಕು. ನಾನು ಓದಿದ ಪುಸ್ತಕಗಳಲ್ಲಿ ತೋಪಿನ ಎರಕ, ಮದ್ದಿನ ಮಿಶ್ರಣಗಳ ಬಗ್ಗೆ ಪುಟಗಟ್ಟಲೆ ಇದೆ, ಸಂಬಳದ ಬಗ್ಗೆ ಇಷ್ಟು ನೇರವಾದ ಮಾತಿಲ್ಲ.

ಶಾಜ್ಯಾವ್ ಬಿದ್ದ ಕೆಲವೇ ದಿನಗಳಲ್ಲಿ ಬ್ರಿಟಿಷರು ಹಾಂಗ್‌ಕಾಂಗ್ ದ್ವೀಪದ ಮೇಲೆ ಬಾವುಟ ಏರಿಸಿದ್ದರು. ಫೆಬ್ರವರಿ 25ರಂದು ಹೆಂಗ್‌ಡಾಂಗ್‌ನ ದಕ್ಷಿಣಕ್ಕಿದ್ದ, ಕಾವಲೇ ಇಲ್ಲದ ಕಿರಿಯ ದ್ವೀಪಕ್ಕೆ ತೋಪು ಸಾಗಿಸಿದರು. ಮರುದಿನ ಗಾಳಿ, ಭರತ ಕೂಡಿಬಂದೊಡನೆ ಹಡಗುಗಳು ಕೋಟೆಗಳ ಬದಿಗೆ, ಕಿಂಡಿಯ ತೋಪುಗಳು ತಿರುಗಲಾರದ ಕೋನಕ್ಕೆ ಬಂದು ಲಂಗರು ಹಾಕಿದವು. ಸಂಜೆಯೊಳಗೆ ಎಲ್ಲ ಮುಗಿದಿತ್ತು. ಗುವಾನ್ ಕಾದಾಡುತ್ತಲೇ ಸತ್ತ. ಮರುದಿನ ಮನೆಯವರು ಬಂದು ಹೆಣ ಗುರುತಿಸಿ ಒಯ್ಯುವಾಗ ಬ್ಲೆನ್‌ಹೈಮ್ ಎಂಬ ಬ್ರಿಟಿಷ್ ನೌಕೆಯಿಂದ ಅವನ ಗೌರವಕ್ಕಾಗಿ ತೋಪು ಹಾರಿಸಿದರು. ಲಿನ್ ಝೆಷು ಅಷ್ಟರಲ್ಲೇ ಪದವಿ ಕಳೆದುಕೊಂಡಿದ್ದ; ಅವನನ್ನು ಮುಂದೆ ದೂರದ ಷಿಂಜಿಯಾಂಗ್‌ಗೆ ಗಡೀಪಾರು ಮಾಡಿದರು. ಯುದ್ಧ ಮುಗಿಸಿದ 1842ರ ಒಪ್ಪಂದ ಅಫೀಮಿನ ವ್ಯಾಪಾರವನ್ನು ತಡೆಯಲಿಲ್ಲ. ಆ ಒಪ್ಪಂದದ ಮುಂದುವರಿಕೆಗೆ 1843ರಲ್ಲಿ ರುಜು ಬಿದ್ದದ್ದು ಇದೇ ಹುಮೆನ್‌ನಲ್ಲಿ.

ಸಂಜೆ ಗುವಾಂಗ್‌ಝೌಗೆ ಮರಳಿದೆವು. ದಕ್ಷಿಣ ನಿಲ್ದಾಣದಲ್ಲಿ ಇಳಿದು ಮೆಟ್ರೋ ಹಿಡಿದರೆ ಊರೆಲ್ಲ ದಾಟಿ ಉತ್ತರಕ್ಕೆ ಹೋಗುತ್ತದೆ. ಹುಡುಗಿಯ ಮನೆ ಆ ಕಡೆ. ಮುಂದಿನ ನಿಲ್ದಾಣ ಸಾನ್‌ಯುವಾನ್‌ಲಿ ಎಂದು ಪ್ರಕಟಣೆ ಬಂದಾಗ ಅವಳು ನನ್ನ ಕಡೆ ತಿರುಗಿ, ಅಂಕಲ್, ಈ ಹೆಸರು ಇಲ್ಲಿ ಪ್ರತಿ ಮಗುವಿಗೂ ಗೊತ್ತು ಎಂದಳು. 1841ರ ಮೇ ಕೊನೆಗೆ ಬ್ರಿಟಿಷ್ ಪಡೆ ಊರ ಉತ್ತರದ ದಿಬ್ಬಗಳಲ್ಲಿ ಬೀಡುಬಿಟ್ಟಿತ್ತು. ಮನೆಗಳಿಗೆ ನುಗ್ಗಿದರು, ಹೆಂಗಸರ ಮೇಲೆ ಕೈಮಾಡಿದರು, ಗೋರಿಗಳನ್ನು ಕೆದಕಿದರು ಎಂದು ಹಳ್ಳಿಗರು ಸಿಡಿದೆದ್ದರು. ಸಾವಿರಾರು ರೈತರು ಗುದ್ದಲಿ, ಈಟಿ ಹಿಡಿದು ಸುತ್ತುಗಟ್ಟಿದರು. ಶಾಲೆಯಲ್ಲಿ ಕಲಿತಂತೆ, ಇಂಗ್ಲಿಷ್ ಸೈನಿಕರು ಮಳೆಯಲ್ಲಿ ಸಿಕ್ಕಿಬಿದ್ದರು ಎಂದು ಅವಳು ಹೇಳಿದಳು.

ಆ ಮಳೆಯ ಕತೆ ನನಗೂ ಗೊತ್ತಿತ್ತು. ಗುಡುಗುಮಳೆ ಒಮ್ಮೆಲೇ ಕವಿದು ದಾರಿ ಕಾಣದಾದಾಗ ಬೇರ್ಪಟ್ಟು ಉಳಿದದ್ದು ಅದೇ 37ನೇ ಮದ್ರಾಸ್ ರೆಜಿಮೆಂಟಿನ ಒಂದು ಕಂಪನಿ, ಅರವತ್ತರಷ್ಟು ಜನ. ಚಕಮಕಿ ಕಲ್ಲಿನ ಬಂದೂಕುಗಳು, ಮದ್ದು ನೆನೆದು ಒಂದೂ ಹಾರಲಿಲ್ಲ. ಚೌಕಾಕಾರವಾಗಿ ಬೆನ್ನಿಗೆ ಬೆನ್ನು ಕೊಟ್ಟು, ಬಂದೂಕಿನ ತುದಿಯ ಬಯೊನೆಟ್ ಚಾಚಿ ಗದ್ದೆಯ ನೀರಿನಲ್ಲಿ ಗಂಟೆಗಟ್ಟಲೆ ನಿಂತಿದ್ದರು. ಮಳೆಗೆ ಕೆಡದ ಹೊಸ ಬಂದೂಕು ಹಿಡಿದ ಬಿಳಿಯ ಪಡೆ ರಾತ್ರಿ ಹುಡುಕಿಕೊಂಡು ಬರುವವರೆಗೂ. ಒಬ್ಬ ಸಿಪಾಯಿ ಸತ್ತ, ಹಲವರಿಗೆ ಗಾಯವಾಯಿತು. ಅವಳಿಗೆ ಇದನ್ನು ಹೇಳಿದೆ. ರೈಲು ನಿಂತಿತು, ಜನ ಇಳಿದರು, ಹತ್ತಿದರು.

ಆ ಸಿಪಾಯಿಗಳು ಯಾವ ಭಾಷೆಯಲ್ಲಿ ಒಬ್ಬರನ್ನೊಬ್ಬರು ಕೂಗಿ ಕರೆದಿರಬಹುದು ಎಂದು ಕೇಳಿದಳು.

ತೆಲುಗು, ತಮಿಳು, ದಖನಿ ಎಂದೆ. ಬಳ್ಳಾರಿಯ ಕಡೆಯವನು ಒಬ್ಬನಾದರೂ ಇದ್ದಿದ್ದರೆ ಕನ್ನಡ. ಹಾಗಾದರೆ ಕನ್ನಡದಲ್ಲಿ ಅವನು ಏನೆಂದು ಕೂಗುತ್ತಿದ್ದ, ಹೇಳಿ ಅಂಕಲ್ ಎಂದಳು. ನನ್ನ ಬಾಯಿಗೆ ತಕ್ಷಣ ಬಂದದ್ದು, "ಚದುರಬ್ಯಾಡ್ರೋ, ಒಬ್ಬರಿಗೊಬ್ಬರು ಹತ್ಕೊಂಡು ನಿಲ್ರೋ." ಅವಳು ಅದನ್ನು ಮತ್ತೆ ಮತ್ತೆ ಹೇಳಿಸಿದಳು. ತನ್ನ ನಿಲ್ದಾಣ ಬರುವ ಹೊತ್ತಿಗೆ 'ಚದುರಬ್ಯಾಡ್ರೋ' ಅವಳ ಬಾಯಲ್ಲಿ ಸರಿಯಾಗಿ ಕೂತಿತ್ತು.